‘ಯಾ’ ಅಂದದ್ದಕ್ಕೆ ಮಾಫಿ

ಹೋದ ತಿಂಗಳು ವಿಜಯಪುರದಲ್ಲಿ ಹೊಸದಾಗಿ ನೇಮಕವಾದ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಇತ್ತು. ನಿವೃತ್ತಳಾಗಿ ಮನೆಯಲ್ಲಿ ಕುಳಿತ ನನ್ನನ್ನೂ ಕರೆದಿದ್ದರು. ನಿವೃತ್ತರನ್ನು ಇಂಥ ಕಡೆ ಕರೆಯುವುದು ಎರಡು ಮಾತು ಆಡಿಸಿ, ಶಾಲು ಹೊದಿಸಿ, ಊಟ ಹಾಕಿ ಕಳಿಸುವುದಕ್ಕೆ. ನಾನು ಶಾಲು ಹೊದಿಸಿಕೊಂಡೆ, ಊಟವನ್ನೂ ಬಿಡಲಿಲ್ಲ, ಆದರೆ ಎರಡೇ ಮಾತಿಗೆ ಮುಗಿಸಲಿಲ್ಲ. ಸಂಘಟಕರು ಮೂರು ಸಲ ಗಡಿಯಾರ ನೋಡಿದರು. ನೋಡಲಿ ಬಿಡಿ.

ಚಹಾದ ಹೊತ್ತಿನಲ್ಲಿ ಬಬಲೇಶ್ವರದ ಕಡೆ ನೇಮಕವಾದ ಒಬ್ಬ ತರುಣ ಶಿಕ್ಷಕ ಬಳಿ ಬಂದ. “ಮೇಡಂ, ನಮ್ಮ ಸಾಲಿ ಮಕ್ಕಳು ಯೆಸ್ ಅನ್ನೂದ ಬಿಟ್ಟಾವ್ರಿ. ಏನ್ ಕೇಳಿದ್ರೂ ಯಾ, ಯಾ ಅಂತಾವ. ಮೊಬೈಲ್ ನೋಡಿ ಕಲ್ತಾವ. ಹೆಡ್ ಮಾಸ್ತರ್ರು ನನ್ನ ಮ್ಯಾಲ ಸಿಟ್ಟಾಗ್ಯಾರ. ಇದನ್ನ ಬಿಡಸಬೇಕೇನ್ರಿ? ಎಲ್ಲಿಂದ ಬಂತ್ರಿ ಈ ಯಾ?”

“ಬಿಡಸಬ್ಯಾಡ್ರಿ,” ಎಂದೆ. ಯಾಕೆ ಎಂದು ಹೇಳುವಷ್ಟರಲ್ಲಿ ಎಲ್ಲರೂ ಒಳಗೆ ಹೋಗಬೇಕೆಂದು ಕರೆ ಬಂತು. ಅವನಿಗೆ ಹೇಳಬೇಕಾದದ್ದು ಒಂದು ಕಪ್ ಚಹಾದಲ್ಲಿ ಮುಗಿಯುವಂಥದೂ ಆಗಿರಲಿಲ್ಲ. ಅದಕ್ಕೇ ಬರೆಯಲು ಕುಳಿತೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬ ಪುರಾಣ ಇಲ್ಲಿ ಇಲ್ಲ. ಅದನ್ನು ಕೇಳಲು ನನಗೇ ಬೇಸರ.

ನಾನು ಹುಟ್ಟಿದ್ದು ವಿಜಯಪುರ ಶಹರದ ಒಂದು ಕಿರಾಣಿ ಅಂಗಡಿಯ ಮನೆಯಲ್ಲಿ. ಇಂಗ್ಲಿಷನ್ನು ಪ್ರೀತಿಯಿಂದ ಆರಿಸಿಕೊಂಡವಳಲ್ಲ, ಗಣಿತ ತಲೆಗೆ ಹತ್ತಲಿಲ್ಲವೆಂದು ಆರಿಸಿಕೊಂಡವಳು. ಪ್ರೀತಿ ಆಮೇಲೆ ಬಂತು, ಮದುವೆಯಲ್ಲಿ ಬಂದ ಹಾಗೆ. ನೌಕರಿಯೆಲ್ಲ ಹಳ್ಳಿಯ ಸರಕಾರಿ ಪ್ರೌಢಶಾಲೆಗಳಲ್ಲಿ ಕಳೆಯಿತು. ಮೊದಲ ಅರ್ಧ ಬಬಲೇಶ್ವರದ ಕಡೆ, ಉಳಿದ ಅರ್ಧ ತಿಕೋಟಾದ ಕಡೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋದೆ, ಸಂಜೆ ಬಸ್ಸಿನಲ್ಲಿ ನಿಂತು ಬಂದೆ. ಶಾಲೆಗಳ ಹೆಸರು ಹೇಳುವುದಿಲ್ಲ. ಅಲ್ಲಿದ್ದವರು ಓದಿದರೆ ಅವರಿಗೆ ತಿಳಿಯುತ್ತದೆ.

ಮೊದಲ ಶಾಲೆಯ ಮೊದಲ ಪಾಠ ನನಗೆ ಇನ್ನೂ ನೆನಪಿದೆ. ಇಂಗ್ಲಿಷ್ ವ್ಯಾಕರಣದ ಕಾಲಗಳ ಬಗ್ಗೆ ಹೇಳಿದೆ. ಬೋರ್ಡಿನ ತುಂಬ ಬರೆದೆ. ಬೆವರು ಒರೆಸಿಕೊಂಡು, ಬಿ.ಎಡ್.ನಲ್ಲಿ ಕಲಿತ ಹಾಗೆ, “ಅರ್ಥ ಆತೇನು?” ಎಂದು ಕೇಳಿದೆ. “ಆತ್ರೀ ಟೀಚರ್ರ,” ಎಂದು ಹಂಚು ಹಾರಿಹೋಗುವ ಹಾಗೆ ಕೂಗಿದರು. ನನಗೆ ಹಿಗ್ಗು. ಇಷ್ಟು ಸುಲಭದ ಕೆಲಸಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಎನಿಸಿತು.

ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಹೆಡ್ ಮಾಸ್ತರರು ಒಳಗೆ ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಮಾತಿನಲ್ಲಿ ಉಪ್ಪುಖಾರ ಹೆಚ್ಚು. ಸಾರವಾಡದಿಂದ ಬರುತ್ತಿದ್ದ ಒಬ್ಬ ಹುಡುಗನನ್ನು ಎಬ್ಬಿಸಿದರು.

“ಏನ್ ಅರ್ಥ ಆತಲೇ?”

“ಎಲ್ಲಾ ಆತ್ರಿ ಸರ್ರ.”

“ಎಲ್ಲಾ ಅಂದ್ರ ಏನು?”

“ಟೀಚರ್ರು ಹೇಳಿದ್ದು ಎಲ್ಲಾ ಆತ್ರಿ.”

“ಟೀಚರ್ರು ಏನ್ ಹೇಳಿದ್ರು?”

ಹುಡುಗ ಸ್ವಲ್ಪ ಯೋಚಿಸಿ, “ಅರ್ಥ ಆತೇನು ಅಂದ್ರು ಸರ್ರ,” ಎಂದ.

ಹೆಡ್ ಮಾಸ್ತರರು ನಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ನನಗೆ ಹೇಳಿದರು: “ಇನ್ನ ಮುಂದ ಆ ಪ್ರಶ್ನೆ ಕೇಳಬ್ಯಾಡ್ರಿ. ನಮ್ಮ ಹುಡುಗ್ರು ಸುಳ್ಳು ಹೇಳೂದಿಲ್ಲ. ಆದ್ರ ದೊಡ್ಡವ್ರು ಕೇಳಿದ್ದಕ್ಕ ಇಲ್ಲ ಅಂತ ಹೆಂಗ ಅನ್ನಬೇಕು ಅನ್ನೂದು ಅವ್ರಿಗೆ ಗೊತ್ತಿಲ್ಲ.” ಬಿ.ಎಡ್. ಪೂರ್ತಿ ಒಂದು ಕಡೆ, ಈ ಮಾತು ಒಂದು ಕಡೆ.

ಅವರು ಹೇಳಿದ್ದು ಶಾಲೆಗೆ ಮಾತ್ರ ಸೇರಿದ ಮಾತಾಗಿರಲಿಲ್ಲ. ನಮ್ಮ ಕಡೆ ದೊಡ್ಡವರು ಏನಾದರೂ ಕೇಳಿದರೆ ಮೊದಲು ಹೂಂರಿ ಅನ್ನುವುದು, ತಿಳಿಯಿತೋ ಇಲ್ಲವೋ ಆಮೇಲೆ ನೋಡಿಕೊಳ್ಳುವುದು. ನನ್ನ ಅಜ್ಜಿ ದವಾಖಾನೆಯಲ್ಲಿ ಡಾಕ್ಟರರು, “ನೋವು ಕಡಿಮಿ ಆಗೇತೇನಬೇ?” ಅಂದರೆ ಹೂಂರಿ ಅಂದುಬಿಟ್ಟು, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ನರಳುತ್ತಿದ್ದಳು. ಒಳಗೇ ಯಾಕೆ ಹೇಳಲಿಲ್ಲ ಎಂದರೆ, “ಅಷ್ಟ ದೊಡ್ಡ ಮನಶ್ಯಾ ಕೇಳ್ಯಾನ, ಇಲ್ಲ ಅನ್ನಾಕ ಬರ್ತೈತೇನು?” ಎನ್ನುತ್ತಿದ್ದಳು. ಅಂಥ ಅಜ್ಜಿಯರ ಮೊಮ್ಮಕ್ಕಳೇ ನನ್ನ ತರಗತಿಯ ತುಂಬ ಕುಳಿತಿದ್ದರು.

ಅಂದಿನಿಂದ ನಾನು ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಪಾಠ ಮುಗಿದ ಮೇಲೆ, ಪಕ್ಕದಲ್ಲಿ ಕುಳಿತವರಿಗೆ ಅದೇ ಪಾಠವನ್ನು ಕನ್ನಡದಲ್ಲಿ ಹೇಳಿಕೊಡಬೇಕು. ನಾನು ಏನೂ ಕೇಳುವುದಿಲ್ಲ. ಕಿವಿ ತೆರೆದುಕೊಂಡು ಬೆಂಚುಗಳ ನಡುವೆ ತಿರುಗುತ್ತೇನೆ. ಗೆಳೆಯನ ಮುಂದೆ ಯಾರೂ ಮರ್ಯಾದೆಗೆ ಹೂಂ ಅನ್ನುವುದಿಲ್ಲ. “ಏನ್ ಹೇಳಾಕತ್ತೀಲೇ, ತಲೀ ಇಲ್ಲ ಬುಡ ಇಲ್ಲ,” ಎಂದು ಒಬ್ಬ ಇನ್ನೊಬ್ಬನಿಗೆ ಅಂದರೆ ಅದು ನನಗೇ ಬಂದ ಬೈಗುಳ ಎಂದು ತಿಳಿದು ಮತ್ತೆ ಬೋರ್ಡಿಗೆ ಹೋಗುತ್ತಿದ್ದೆ. ಹೊಸಬರು ಈ ಪದ್ಧತಿ ಬೇಕಾದರೆ ತೆಗೆದುಕೊಳ್ಳಬಹುದು. ಖರ್ಚಿಲ್ಲ, ಗದ್ದಲ ಮಾತ್ರ ಬಹಳ.

ಆದರೆ ಇನ್‌ಸ್ಪೆಕ್ಷನ್ನಿನ ದಿನ ಎಂಥ ಪದ್ಧತಿಯೂ ನಡೆಯುವುದಿಲ್ಲ. ಒಮ್ಮೆ ಶಹರದಿಂದ ಬಂದ ಅಧಿಕಾರಿಗಳು ಇಂಗ್ಲಿಷಿನಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಮಕ್ಕಳದು “ಯೆಸ್ ಸರ್.” ಅವರಿಗೆ ಸಂಶಯ ಬಂತು. ನಗುತ್ತ, ನಿಮ್ಮನ್ನೆಲ್ಲ ಈ ವರ್ಷ ಫೇಲ್ ಮಾಡಲೇ ಎಂದು ಇಂಗ್ಲಿಷಿನಲ್ಲೇ ಕೇಳಿದರು. “ಯೆಸ್ ಸರ್,” ಎಂದು ಇಡೀ ತರಗತಿ ಒಂದೇ ಧ್ವನಿಯಲ್ಲಿ ಒಪ್ಪಿಕೊಂಡಿತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನಮ್ಮ ಹೆಡ್ ಮಾಸ್ತರರು ಮಾತ್ರ ಅಳುಕಲಿಲ್ಲ. “ನಮ್ಮ ಹುಡುಗ್ರಿಗೆ ಇಂಗ್ಲೀಷ್ ಇನ್ನ ಬರಬೇಕ್ರಿ. ಸಂಸ್ಕಾರ ಅಂತೂ ಪೂರಾ ಬಂದೈತಿ,” ಎಂದರು. ಅಧಿಕಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ವರದಿ ಚೆನ್ನಾಗಿಯೇ ಬಂತು. ಇಂಥ ಹೆಡ್ ಮಾಸ್ತರರು ಎಲ್ಲರಿಗೂ ಸಿಗುವುದಿಲ್ಲ.

ಮುಂದೆ ಪದ್ಧತಿಗಳು ಒಂದರ ಹಿಂದೆ ಒಂದು ಬದಲಾದವು. ವ್ಯಾಕರಣ ಬಿಡಿ ಅಂದರು, ಚಿತ್ರಪಟ ತನ್ನಿ ಅಂದರು, ಹಾಡಿಸಿ ಅಂದರು, ಕುಣಿಸಿ ಅಂದರು. ಒಂದು ವರ್ಷ ಟೇಪ್ ರೆಕಾರ್ಡರ್ ಬಂತು. ಅದರ ಕ್ಯಾಸೆಟ್ಟಿನಲ್ಲಿ ಇಬ್ಬರು ಇಂಗ್ಲಿಷ್ ಹೆಂಗಸರು ಅಂಗಡಿಯಲ್ಲಿ ನಿಂತು ಹರಟುತ್ತಿದ್ದರು. ಅವರಲ್ಲಿ ಒಬ್ಬಳು ಮಾತಿಗೊಮ್ಮೆ ‘ಯಾ’ ಅನ್ನುತ್ತಿದ್ದಳು. ಹಾಗೆ ಆ ಮಾತು ನಮ್ಮ ಶಾಲೆಗೆ ಮೊದಲ ಸಲ ಬಂತು.

“ಟೀಚರ್ರ, ಅಕಿ ಏನ್ ಅನ್ನಾಕತ್ತಾಳ್ರಿ?” ಎಂದು ಮಕ್ಕಳು ಕೇಳಿದರು.

“ಅದೂ ಯೆಸ್ಸೇ. ಚಪ್ಪಲಿ ಹಿಮ್ಮಡ ಸವದಂಗ ಯೆಸ್ ಸವದು ಯಾ ಆಗೈತಿ,” ಎಂದು ಒಂದು ಕ್ಷಣವೂ ತಡವರಿಸದೆ ಹೇಳಿದೆ. ಎಲ್ಲಿಯೂ ಓದಿದ್ದಲ್ಲ, ಯಾರೂ ಹೇಳಿದ್ದಲ್ಲ. ಶಿಕ್ಷಕರಿಗೆ ಗೊತ್ತಿಲ್ಲದ್ದು ಎಷ್ಟು ಗಟ್ಟಿಯಾಗಿ ಬಾಯಿಂದ ಬರುತ್ತದೆ ಎಂಬುದಕ್ಕೆ ಇದು ಉದಾಹರಣೆ. ಎಲ್ಲರೂ ಒಮ್ಮೆ ಯಾ ಅನ್ನಿ ಎಂದೆ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಂದಳು, ಅಂದವಳೇ ನಾಚಿ ಬೆಂಚಿನ ಕೆಳಗೆ ಬಗ್ಗಿದಳು. ಟೀಚರರ ಮುಖ ನೋಡಿ, ಹಿಂದೆ ‘ಟೀಚರ್’ ಎಂಬುದೂ ಇಲ್ಲದ ಅಷ್ಟು ಬೋಳು ಮಾತು ಆಡಲು ಅವಳಿಗೆ ಧೈರ್ಯ ಬರಲಿಲ್ಲ.

ಆಮೇಲೆ ತಿಕೋಟಾದ ಕಡೆಗೆ ವರ್ಗವಾಯಿತು. ಅಲ್ಲಿಯ ಹೆಡ್ ಮಾಸ್ತರರು ಬಿರಾದಾರ ಸರ್. ಶಿಸ್ತಿನ ಮನುಷ್ಯ. ಅವರ ಅಂಗಿಯ ಇಸ್ತ್ರಿಯ ಗೆರೆ ಸಂಜೆಯ ತನಕ ಮುರಿಯುತ್ತಿರಲಿಲ್ಲ. ಶಾಲೆಯ ಗೋಡೆ ಸುಣ್ಣ ಕಾಣುತ್ತಿದ್ದುದು, ನೀರಿನ ಟಾಕಿ ತುಂಬಿರುತ್ತಿದ್ದುದು, ಫಲಿತಾಂಶ ಪ್ರತಿ ವರ್ಷ ಏರುತ್ತಿದ್ದುದು ಅವರಿಂದ. ಅವರ ಬಗ್ಗೆ ಮುಂದೆ ನಾನು ಏನೇ ಹೇಳಿದರೂ ಇದನ್ನು ಮರೆಯಬಾರದು.

ಅಷ್ಟರಲ್ಲಿ ಮೊಬೈಲು ಮನೆಮನೆಗೂ ಬಂದಿತ್ತು. ನನ್ನ ನೌಕರಿಯ ಕೊನೆಯ ವರ್ಷಗಳವು. ಹತ್ತನೇ ತರಗತಿಯಲ್ಲಿ ಸುಜಾತಾ ಎಂಬ ಹುಡುಗಿ ಇದ್ದಳು. ಬಿಜ್ಜರಗಿಯವಳು. ದಲಿತರ ಓಣಿಯ ಬೌದ್ಧರ ಮನೆ. ತಂದೆ ಸಿದ್ರಾಮ ಬೇರೆಯವರ ದ್ರಾಕ್ಷಿ ಪಡದಲ್ಲಿ ಕೂಲಿ. ಅವಳು ತಂದೆಯ ಮೊಬೈಲಿನಲ್ಲಿ ಗ್ರಹ ನಕ್ಷತ್ರಗಳ ಇಂಗ್ಲಿಷ್ ವಿಡಿಯೊ ನೋಡಿ ನೋಡಿ, ನಾನು ಕಲಿಸದಿದ್ದ ಇಂಗ್ಲಿಷನ್ನೆಲ್ಲ ಕಲಿತಿದ್ದಳು. ಕನ್ನಡದಲ್ಲಿ ಮಾತಾಡುವಾಗ ಸಣ್ಣ ಧ್ವನಿ, ನೆಲದ ಕಡೆ ಕಣ್ಣು. ಇಂಗ್ಲಿಷಿಗೆ ಹೊರಳಿದಳೆಂದರೆ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಏನಾದರೂ ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು ‘ಯಾ’ ಅನ್ನುತ್ತಿದ್ದಳು. ನನಗೆ ಅದು ಬಹಳ ಸೇರುತ್ತಿತ್ತು.

ಒಂದು ದಿನ ಜಿಲ್ಲಾ ಕಚೇರಿಯಿಂದ ಅಧಿಕಾರಿಗಳು ಬಂದರು. ಆಗ ನಾನು ಒಂದು ಪದ್ಯ ಮುಗಿಸಿದ್ದೆ. ಅವರು ನಾನು ಎಂದೂ ಕೇಳದ ಪ್ರಶ್ನೆಯನ್ನೇ ಕೇಳಿದರು: ಎಲ್ಲರಿಗೂ ಅರ್ಥವಾಯಿತೇ? ತರಗತಿ “ಯೆಸ್ ಸರ್” ಎಂದು ಕೂಗಿತು. ಅವರ ಬೆರಳು ಸುಜಾತಾಳ ಕಡೆ ಹೋಯಿತು. ಅವಳು ಎದ್ದು ನಿಂತು, “ಯಾ. ಬಟ್ ನಾಟ್ ದ ಲಾಸ್ಟ್ ಫೋರ್ ಲೈನ್ಸ್,” ಎಂದಳು. ಆಯಿತು, ಆದರೆ ಕೊನೆಯ ನಾಲ್ಕು ಸಾಲು ಆಗಲಿಲ್ಲ.

ಅಷ್ಟು ವರ್ಷಗಳ ನೌಕರಿಯಲ್ಲಿ ಒಂದು ಮಗು ಅಧಿಕಾರಿಯ ಎದುರಿಗೆ ತನಗೆ ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ನನಗೆ ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ಆ ಕೊನೆಯ ನಾಲ್ಕು ಸಾಲನ್ನು ನಾನೂ ಅವಸರದಲ್ಲಿ ಜಾರಿಸಿದ್ದೆ. ಅಧಿಕಾರಿಗಳು ಬಿರಾದಾರ ಸರ್ ಕಡೆ ತಿರುಗಿ, “ಹುಡುಗಿ ಭಾಳ ಫ್ರೀ ಅದಾಳ್ರಿ,” ಎಂದು ನಕ್ಕು ಹೋದರು. ಹೊಗಳಿದರೋ ತೆಗಳಿದರೋ ಅವರಿಗೇ ಗೊತ್ತು. ಬಿರಾದಾರ ಸರ್ ಅದನ್ನು ಕಪಾಳಕ್ಕೆ ಬಿದ್ದ ಏಟಿನಂತೆ ತೆಗೆದುಕೊಂಡರು.

ಅಂದು ಸ್ಟಾಫ್ ರೂಮಿನಲ್ಲಿ ಅದೇ ಮಾತು. “ಅವರ ಮನ್ಯಾಗ ಹಂಗ ಕಲಿಸಿರ್ತಾರ ಬಿಡ್ರಿ,” ಎಂದು ಒಬ್ಬರು ಅಂದರು. ‘ಅವರ’ ಎಂಬುದನ್ನು ಎಷ್ಟು ಒತ್ತಿದರೆಂದರೆ ಮುಂದೆ ಕೇಳುವುದು ಏನೂ ಉಳಿಯಲಿಲ್ಲ. ಅದೇ ತರಗತಿಯಲ್ಲಿ ಊರಿನ ದೊಡ್ಡ ಮನೆಯ ಹುಡುಗನೊಬ್ಬ ದಿನಾ ‘ಓಕೆ ಸರ್, ಯಾ ಸರ್’ ಅನ್ನುತ್ತಿದ್ದ. ಅವನಿಗೆ ಎಲ್ಲರೂ ಸ್ಮಾರ್ಟ್ ಎನ್ನುತ್ತಿದ್ದರು. ನಾನು ಅದನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಅವತ್ತು ಎಲ್ಲರ ಚಹಾ ಬೇಗ ಖಾಲಿಯಾಯಿತು.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಆ ವರ್ಷ ತೊರವಿಯ ಕಡೆ ಹೊಸದಾಗಿ ಆದ ಒಂದು ವಸತಿ ಕಾಲೇಜಿನವರು, ಸುತ್ತಲಿನ ಸರಕಾರಿ ಶಾಲೆಗಳಿಂದ ಒಬ್ಬೊಬ್ಬರನ್ನು ಪುಕ್ಕಟೆ ವಿಜ್ಞಾನ ಓದಿಸುವುದಾಗಿ ಹೇಳಿದ್ದರು. ಯಾರನ್ನು ಕಳಿಸಬೇಕೆಂದು ಹೆಡ್ ಮಾಸ್ತರರೇ ಹೆಸರು ಕೊಡಬೇಕು. ಸುಜಾತಾಳಿಗೆ ನಕ್ಷತ್ರಗಳ ಹುಚ್ಚು. ವಿಜ್ಞಾನ ಬಿಟ್ಟು ಬೇರೇನೂ ಓದುವುದಿಲ್ಲ ಅನ್ನುತ್ತಿದ್ದಳು. ಆ ಸೀಟು ತಪ್ಪಿದರೆ ವಿಜ್ಞಾನ ಓದಿಸುವ ತಾಕತ್ತು ಅವಳ ಮನೆಗೆ ಇರಲಿಲ್ಲ. ಅಂಕಗಳಲ್ಲಿ ಅವಳ ಹತ್ತಿರ ಬರುವವರು ಯಾರೂ ಇರಲಿಲ್ಲ. ನಾನು ನಿಶ್ಚಿಂತೆಯಿಂದ ಇದ್ದೆ.

ಬಿರಾದಾರ ಸರ್ ನನ್ನನ್ನು ಕರೆದು, “ಅಕೀ ಹೆಸರು ನಾ ಕೊಡೂದಿಲ್ರಿ ಟೀಚರ್ರ,” ಎಂದರು. “ನಾಳೆ ಅಲ್ಲಿ ಹೋಗಿ ಪ್ರಿನ್ಸಿಪಾಲರ ಮುಂದ ಯಾ ಅಂದ್ರ ಹೆಸರು ಹೋಗೂದು ನಮ್ಮ ಸಾಲೀದು.”

“ಅದು ಬೈಗುಳ ಅಲ್ರಿ ಸರ್. ಇಂಗ್ಲೀಷಿನವ್ರು ಮನ್ಯಾಗ ಆಡೋ ಮಾತು.”

“ಸಾಲಿ ಅಕೀ ಮನೀ ಏನ್ರಿ?”

ಸಿಟ್ಟಿನಲ್ಲಿ ಹೊರಗೆ ಬಂದೆ. ಬರೀ ಸಿಟ್ಟಿನಿಂದ ಬಿರಾದಾರ ಸರ್ ಅವರನ್ನು ಗೆಲ್ಲಲು ಆಗುವುದಿಲ್ಲ, ಪುರಾವೆ ಬೇಕು. ರಜೆಯ ದಿನ ಶಹರದ ಗ್ರಂಥಾಲಯಕ್ಕೆ ಹೋಗಿ, ಎರಡೂ ಕೈಯಿಂದ ಎತ್ತಬೇಕಾದಂಥ ಇಂಗ್ಲಿಷ್ ನಿಘಂಟು ಇಳಿಸಿಕೊಂಡು ಕುಳಿತೆ. ನಾನು ಮಕ್ಕಳಿಗೆ ಹೇಳಿದ್ದ ಸವೆದ ಚಪ್ಪಲಿಯ ಕಥೆ ಪೂರ್ತಿ ಉಲ್ಟಾ ಎಂದು ಅಲ್ಲಿ ತಿಳಿಯಿತು.

ಇಂಗ್ಲಿಷಿನ ಹಳೆಯ ಜನಕ್ಕೆ ಹೌದು ಅನ್ನಲು ಎರಡು ಮಾತು ಇದ್ದವಂತೆ. ಸಾದಾ ಪ್ರಶ್ನೆಗೆ ಒಂದು. ಅದು ಇವತ್ತಿನ ‘ಯಾ’ದ ಅಜ್ಜ. ಜರ್ಮನರು ಹೌದು ಎಂಬುದಕ್ಕೆ ಇಂದಿಗೂ ಅನ್ನುವ ಮಾತು ಅದರ ದಾಯಾದಿ. ಇನ್ನೊಂದು ಯೆಸ್. ‘ನೀನು ಉಂಡಿಲ್ಲ ಅಲ್ಲವೇ?’ ಎಂದು ಇಲ್ಲ ಸೇರಿಸಿ ಕೇಳಿದಾಗ ನಾವು ‘ಉಂಡೇನಲ್ಲ’, ಅಂದರೆ ಉಂಡಿದ್ದೇನಲ್ಲ, ಎಂದು ಒತ್ತಿ ಹೇಳುತ್ತೇವಲ್ಲ, ಹಾಗೆ ತಿರುಗಿ ಹೇಳಲು ಯೆಸ್ ಬೇಕಾಗುತ್ತಿತ್ತು. ಆ ಮೊದಲನೆಯ ಮಾತಿಗೆ ‘ಹಾಗೇ ಆಗಲಿ’ ಎಂಬಂಥ ಇನ್ನೊಂದು ಮಾತು ಕೂಡಿ ಯೆಸ್ ಆಗಿರಬೇಕು ಎಂದು ಬಲ್ಲವರ ಊಹೆ. ಮುಂದೆ ಯೆಸ್ ಎಲ್ಲ ಕಡೆ ಹಬ್ಬಿತು. ಹಳೆಯದು ಧರ್ಮಗ್ರಂಥದಲ್ಲಿ, ಮತ ಎಣಿಸುವ ಸಭೆಗಳಲ್ಲಿ, ಮತ್ತೆ ಸಾಮಾನ್ಯ ಜನರ ಬಾಯಲ್ಲಿ ಉಳಿಯಿತು. ಬಹಳ ಕಾಲದ ಮೇಲೆ ಅಮೆರಿಕದವರು ಆ ಬಾಯಿಮಾತನ್ನು ಅಂದ ಹಾಗೇ ಬರೆದರು. ಅದನ್ನೇ ಅನ್ನುತ್ತ ಪಟ್ಟನೆ ತುಟಿ ಮುಚ್ಚಿದರೆ ‘ಯೆಪ್’ ಆಗುತ್ತದೆ. ಗ್ರಂಥಾಲಯದಲ್ಲಿ ಕುಳಿತು ಎರಡು ಮೂರು ಸಲ ಅಂದು ನೋಡಿದೆ. ಎದುರಿಗೆ ಪೇಪರ್ ಓದುತ್ತಿದ್ದವರು ಎದ್ದು ಬೇರೆ ಕಡೆ ಕುಳಿತರು.

ಮರುದಿನ ಬೆಳಿಗ್ಗೆಯೇ ಬಿರಾದಾರ ಸರ್ ಎದುರಿಗೆ ಇದನ್ನೆಲ್ಲ ಒಪ್ಪಿಸಿದೆ. “ಯೆಸ್‌ಗಿಂತ ಯಾ ಹಿರೇದು ಸರ್,” ಎಂದು ಮುಗಿಸಿದೆ.

“ಹಿರೇದಾದ್ರೇನ್ರಿ? ನಮ್ಮಜ್ಜನ ಧೋತರ ನನ್ನ ಪ್ಯಾಂಟಿಗಿಂತ ಹಿರೇದು. ಉಟಗೊಂಡು ಸಾಲಿಗಿ ಬರ್ಲೇನು?” ಎಂದರು. ನನಗೂ ನಗು ಬಂತು, ಆದರೆ ನಗಲಿಲ್ಲ. “ಆ ಪುಸ್ತಕದಾಗ ಇನ್ನ ಏನ್ ಬರದಾರ, ಅದನ್ನೂ ಹೇಳ್ರಿ,” ಎಂದು ಅವರೇ ಕೇಳಿದರು.

“ಇನ್‌ಫಾರ್ಮಲ್ ಅಂತ ಬರದಾರ್ರಿ.”

“ಅಂದ್ರ?”

“ಸರೀಕರು ಸರೀಕರ ಜೋಡಿ ಆಡೋ ಮಾತು.”

“ಹಾಂ. ನಾನೂ ಅಕೀ ಸರೀಕರೇನ್ರಿ ಹಂಗಾದ್ರ?”

ಬಿರಾದಾರ ಸರ್ ಧ್ವನಿ ಇಳಿಸಿದರು. “ಟೀಚರ್ರ, ನೀವು ಶಹರದವ್ರು, ಅಂಗಡಿ ಮಂದಿ. ನಮ್ಮಪ್ಪ ಮಂದಿ ಹೊಲದಾಗ ದುಡದಾಂವ. ನಾ ಕಂಡ ಕಂಡವ್ರಿಗೆಲ್ಲಾ ಯೆಸ್ ಸರ್ ಅಂದು ಅಂದು ಈ ಖುರ್ಚಿಗಿ ಬಂದೇನಿ. ಅಕಿ ಹೊರಗ ಹೋಗಿ ಹಿಂಗ ತಲೀ ಎತ್ತಿ ನಿಂತ್ರ ಮಂದಿ ಒಂದ ದಿನಾನೂ ಬಾಳಾಕ ಬಿಡಂಗಿಲ್ಲ. ಬರೂ ಸೋಮವಾರ ಪ್ರಾರ್ಥನಾದಾಗ ಎಲ್ಲಾರ ಮುಂದ ಮಾಫಿ ಕೇಳ್ಲಿ, ಹೆಸರು ಕಳಸ್ತೇನಿ. ನಾ ಅಕೀ ಒಳ್ಳೇದಕ್ಕ ಹೇಳಾಕತ್ತೇನಿ.”

ಅವರು ಅದನ್ನು ನಂಬಿಯೇ ಹೇಳುತ್ತಿದ್ದರು. ಅದಕ್ಕೇ ನನಗೆ ಕಷ್ಟವಾಯಿತು. ಕೇಡು ಬಯಸುವವರ ಎದುರಿಗೆ ಜಗಳ ಆಡಬಹುದು, ಒಳ್ಳೆಯದು ಬಯಸುವವರ ಎದುರಿಗೆ ಆಡುವುದು ಬಹಳ ಕಷ್ಟ. ಒಂದು ಮಾತು ಹೇಳಿ ಸೀಟು ತೆಗೆದುಕೊಂಡು ಹೋಗಲಿ ಎಂದು ನನಗೂ ಒಂದು ಗಳಿಗೆ ಅನಿಸದೆ ಇರಲಿಲ್ಲ. ಸುಜಾತಾಳಿಗೆ ಹೇಳಿದರೆ ಅವಳು, “ವಿಚಾರ ಮಾಡ್ತೇನ್ರಿ ಟೀಚರ್ರ,” ಎಂದಳು. ಬಿರಾದಾರ ಸರ್ ಕಾಯಲಿಲ್ಲ. ತಂದೆಗೆ ಹೇಳಿಕಳಿಸಿದರು.

ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಚಾಟ್ನಿಯ ದಿನಗಳು. ಸಿದ್ರಾಮ ಅದನ್ನು ನಡುವೆ ಬಿಟ್ಟು ಬಂದಿದ್ದ. ಹೆಗಲ ಮೇಲಿನ ಟಾವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೆಡ್ ಮಾಸ್ತರರ ಕೋಣೆಯ ಬಾಗಿಲ ಒಳಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತ. ಸುಜಾತಾ ನನ್ನ ಪಕ್ಕದಲ್ಲಿ ನಿಂತಿದ್ದಳು.

“ನಿನ್ನ ಮಗಳು ಶಾಣ್ಯಾ ಅದಾಳಪಾ,” ಎಂದರು ಬಿರಾದಾರ ಸರ್.

“ಹೂಂರಿ ಸಾಹೇಬ್ರ.”

“ಆದ್ರ ದೊಡ್ಡವ್ರ ಮುಂದ ಹೆಂಗ ಇರಬೇಕು ಅನ್ನೂದು ಕಲ್ತಿಲ್ಲ.”

“ಹೂಂರಿ.”

“ಅದನ್ನ ನೀ ಕಲಿಸಬೇಕಿತ್ತು.”

“ಹೂಂರಿ.”

“ಸೋಮವಾರ ಎಲ್ಲಾರ ಮುಂದ ಮಾಫಿ ಕೇಳಿದ್ರ ಸೀಟು ಅಕೀದ. ಒಪ್ಪಿಗಿ ಐತಿಲ್ಲೋ?”

“ಹೂಂರಿ ಸಾಹೇಬ್ರ.”

ಸಿದ್ರಾಮನ ಕಣ್ಣು ಒಮ್ಮೆಯೂ ನೆಲ ಬಿಟ್ಟು ಮೇಲೆ ಬಂದಿರಲಿಲ್ಲ. ಬಿರಾದಾರ ಸರ್ ಸುಜಾತಾಳ ಕಡೆ ತಿರುಗಿ, “ಕೇಳಿದಿಲ್ಲವಾ? ನಿಮ್ಮಪ್ಪ ಒಪ್ಪ್ಯಾನ,” ಎಂದರು.

ಸುಜಾತಾ ಕನ್ನಡದಲ್ಲೇ ಮಾತಾಡಿದಳು. ಆದರೆ ಅವತ್ತು ಅವಳ ಬೆನ್ನು ನೆಟ್ಟಗಿತ್ತು.

“ಸರ್ರ, ನಮ್ಮಪ್ಪ ಯಾರಿಗೂ ಇಲ್ಲ ಅಂದಿದ್ದು ನಾ ನೋಡೇ ಇಲ್ರಿ. ಜ್ವರ ಬಂದು ಮಲಗಿದಾಗ ಪಡದ ಮಾಲಕರು ಕರದ್ರೂ ಹೂಂರಿ ಅಂದು ಎದ್ದು ಹೋಗ್ಯಾನ. ಹೂಂರಿ ಅನ್ನೂವಾಗ ಅಂವಾ ನೆಲಾ ನೋಡ್ತಾನ್ರಿ. ನಾನೂ ಹಂಗ ನೋಡ್ತಿದ್ದೆ. ಇಂಗ್ಲೀಷ್ ಮಾತಾಡೂವಾಗ ನಾ ಯಾರ ಮಗಳು, ಯಾವ ಓಣ್ಯಾಕಿ ಅನ್ನೂದು ನನಗ ಮರತ ಹೋಗ್ತೈತ್ರಿ. ಯಾ ಅಂದು ನಾ ನಿಮ್ಮನ್ನ ಸಣ್ಣವ್ರನ್ನ ಮಾಡಿಲ್ರಿ ಸರ್ರ. ನಾ ಸಣ್ಣಾಕಿ ಅಲ್ಲ ಅಂತ ಅನಸ್ತೈತ್ರಿ, ಅಷ್ಟ.”

ನಿಘಂಟಿನಲ್ಲಿ ನನಗೆ ಸಿಗದಿದ್ದ ಅರ್ಥ ಅದು. ಬಿರಾದಾರ ಸರ್ ತಂದೆಯ ಕಡೆ ತಿರುಗಿದರು. “ಏನಪಾ, ನೀ ಹೇಳು. ಮಾಫಿ ಕೇಳಸ್ತೀಯಿಲ್ಲೋ?”

ಅವನು ಏನು ಅನ್ನುತ್ತಾನೆ ಎಂದು ನಮಗೆಲ್ಲ ಗೊತ್ತಿತ್ತು. ಅವನು ಮಗಳ ಕಡೆ ನೋಡಿದ. ಕೈಯಲ್ಲಿದ್ದ ಟಾವೆಲ್ಲನ್ನು ಹಿಂಡಿದ.

“ಇಲ್ರಿ,” ಎಂದ.

“ಏನಂದಿ?”

“ಇಲ್ರಿ ಸಾಹೇಬ್ರ. ಅಕಿ ಮಾಫಿ ಕೇಳೂದಿಲ್ರಿ.”

“ಹಂಗಾದ್ರ ಸೀಟು ಬ್ಯಾಡ?”

“ಸೀಟು ಬೇಕ್ರಿ. ಮಾಫಿ ಬ್ಯಾಡ್ರಿ.”

ಬಿರಾದಾರ ಸರ್ ಮೇಜಿನ ಗಾಜಿನ ಕಡೆ ಕಣ್ಣು ಇಳಿಸಿದರು. ಅವರಿಗೆ ಸಿಟ್ಟು ಬರುತ್ತದೆ ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. “ಟೀಚರ್ರ, ಇದನ್ನ ನೀವು ಕಲಿಸೀರೇನ್ರಿ ಇವ್ರಿಗೆ?” ಎಂದು ಕೇಳಿದರು. “ಇಲ್ಲ ಸರ್. ನಾ ಯಾ ಅನ್ನೂದನ್ನೂ ಕಲಿಸಿಲ್ಲ,” ಎಂದೆ. “ನಮ್ಮಪ್ಪ ಯಾವತ್ತೂ, ಯಾರಿಗೂ ಹಿಂಗ ಅನ್ಲಿಲ್ಲ,” ಎಂದರು ಅವರು, ನಮಗಲ್ಲ, ಮೇಜಿಗೆ. ಆಮೇಲೆ ಗುಮಾಸ್ತನನ್ನು ಕರೆದು, ತೊರವಿಯ ಕಾಲೇಜಿಗೆ ಹೆಸರು ಸುಜಾತಾಳದು ಎಂದು ಹೇಳಿದರು.

ಅವಳಿಗೆ ಆ ಸೀಟು ಸಿಕ್ಕಿತು. ಮುಂದೆ ಏನು ಓದಿದಳು, ಏನಾದಳು ಎಂಬುದು ಅವಳ ಕಥೆ, ಬರೆಯುವುದಾದರೆ ಅವಳೇ ಬರೆಯಲಿ. ನಾನು ನಿವೃತ್ತಳಾಗುವ ತನಕ ಬಿರಾದಾರ ಸರ್ ಮತ್ತು ನಾನು ಜಗಳ ಆಡುತ್ತಲೇ ಇದ್ದೆವು, ಆದರೆ ಮತ್ತೆ ಯಾವ ಮಗುವನ್ನೂ ಅವರು ಪ್ರಾರ್ಥನೆಯಲ್ಲಿ ನಿಲ್ಲಿಸಿ ಮಾಫಿ ಕೇಳಿಸಲಿಲ್ಲ.

ಆ ದಿನ ನಾನು ಅವರಿಬ್ಬರ ಜೊತೆ ಶಾಲೆಯ ಅಂಗಳದ ತನಕ ಹೋದೆ. “ಅಕ್ಕಾರ, ನಾ ಸಾಹೇಬ್ರಿಗೆ ಇಲ್ಲ ಅಂದ್ನೆಲ್ರಿ?” ಎಂದು ಸಿದ್ರಾಮ ಕೇಳಿದ, ತಾನು ಅಂದದ್ದು ತನಗೇ ನಂಬಿಕೆ ಬಾರದವನಂತೆ.

“ಅಂದ್ರಿ. ನಾ ಕೇಳೇನಿ,” ಎಂದೆ.

ಅವನು ಸ್ವಲ್ಪ ದೂರ ನಡೆದು ಮಗಳನ್ನು ಕೇಳಿದ: “ಯವ್ವಾ, ಇಲ್ಲ ಅನ್ನಾಕ ಇಂಗ್ಲೀಷಿನ್ಯಾಗ ಏನಂತಾರ?”

“ನೋ ಅಂತಾರಪ್ಪ.”

“ನೋ,” ಎಂದ ಅವನು, ನೆಲ ನೋಡುತ್ತ.

“ಹಂಗಲ್ಲಪ್ಪ. ಮಾರಿ ಮ್ಯಾಲ ಮಾಡಿ ಅನ್ನು.”

ಸಿದ್ರಾಮ ನಿಂತ. ಟಾವೆಲ್ಲು ಹೆಗಲಿಗೆ ಹಾಕಿಕೊಂಡು, ಮುಖ ಎತ್ತಿ ನನ್ನನ್ನೇ ನೋಡುತ್ತ ಇನ್ನೊಮ್ಮೆ ಅಂದ.